ಶೋಲಾವರದ ಪ್ರೇಕ್ಷಕನು ಎಲ್ಲಿ ಹೋದನು?

ಪುರಸೈವಾಕ್ಕಂನಿಂದ ಮೋಟಾರು ಪಂದ್ಯವನ್ನು ನೋಡಲು ಹೊರಡುವವನ ಮುಂದೆ ಎರಡು ದಾರಿಗಳಿವೆ. ಒಂದು ಉತ್ತರದ ದಾರಿ: ಪೆರಂಬೂರು, ಮಾಧವರಂಗಳನ್ನು ದಾಟಿ, ರೆಡ್‌ಹಿಲ್ಸ್ ಕೆರೆಯನ್ನು ಬಳಸಿಕೊಂಡು, ಕಲಕತ್ತೆಯ ಹೆದ್ದಾರಿಯಲ್ಲಿ ಶೋಲಾವರಂ ಎಂಬ ಊರನ್ನು ಮುಟ್ಟುವುದು. ಇನ್ನೊಂದು ಪಶ್ಚಿಮದ ದಾರಿ: ಪೂನಮಲ್ಲಿ ಹೈರೋಡನ್ನು ಹಿಡಿದು, ಬೆಂಗಳೂರಿನ ಹೆದ್ದಾರಿಯನ್ನು ಸೇರಿ, ಶ್ರೀಪೆರಂಬದೂರಿಗೆ ತುಸು ಈಚೆಗೆ ಇರುಂಗಾಟ್ಟುಕೋಟ್ಟೈಯಲ್ಲಿ ಇಳಿಯುವುದು. ಮೊದಲನೆಯ ದಾರಿಯ ಕೊನೆಯಲ್ಲಿ ಒಂದು ಕಾಲಕ್ಕೆ ಸಹಸ್ರಾರು ಜನ ನೆರೆಯುತ್ತಿದ್ದರು. ಈಗ ಅಲ್ಲಿ ಪಂದ್ಯವೇ ಇಲ್ಲ. ಎರಡನೆಯ ದಾರಿಯ ಕೊನೆಯಲ್ಲಿ ಪಂದ್ಯವಿದೆ, ಸುಸಜ್ಜಿತವಾದ ಪಥವಿದೆ. ನೋಡುವವರು ಮಾತ್ರ ವಿರಳ. ತಾಯ್ನಾಡಿಗೆ ಹೋಗಿಬರುವ ಚೆನ್ನೈ ಕನ್ನಡಿಗನು ವರ್ಷಕ್ಕೆ ನಾಲ್ಕಾರು ಸಲ ಈ ಪಥದ ಸಮೀಪದಲ್ಲಿಯೇ ಹಾದುಹೋಗುತ್ತಾನೆ. ಬಸ್ಸಿನ ಕಿಟಕಿಯಿಂದ ಕಾರ್ಖಾನೆಗಳು ಅವನ ಕಣ್ಣಿಗೆ ಬೀಳುತ್ತವೆ. ಅಲ್ಲೊಂದು ಪಂದ್ಯದ ಪಥವಿದೆಯೆಂಬುದು ಅವನಿಗೆ ತಿಳಿದಿರುವ ಸಂಭವ ಕಡಮೆ.

ಪಥ ಉತ್ತಮವಾದಂತೆ ಪ್ರೇಕ್ಷಕ ಹಿಂದೆಗೆದುದೇಕೆ? ಈ ಪ್ರಶ್ನೆ ಮದರಾಸಿಗೆ ಮಾತ್ರ ಸೇರಿದುದಲ್ಲ. ಮೋಟಾರು ಪಂದ್ಯವನ್ನು ಜನತೆಯ ಹಬ್ಬವನ್ನಾಗಿ ಮಾಡಿದ ಅಮೆರಿಕದಲ್ಲಿಯೂ ಅದು ಎದ್ದಿದೆ. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಉತ್ತರವು ಹೆಚ್ಚು ಸ್ಪಷ್ಟವಾಗುತ್ತದೆ.

ಮೊದಲು ಶೋಲಾವರದ ವೃತ್ತಾಂತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗಾಗಿ ಅಲ್ಲಿ ಧಾವನಪಥಗಳನ್ನು ಹಾಕಲಾಗಿತ್ತು. ಯುದ್ಧ ಮುಗಿಯಿತು, ವಿಮಾನಗಳು ಹೋದವು, ಕಾಂಕ್ರೀಟಿನ ಪಥಗಳು ಉಳಿದವು. ಕಲಕತ್ತೆಯ ಬಳಿಯ ಬ್ಯಾರಕ್‌ಪುರದಲ್ಲಿ, ಮುಂಬಯಿಯ ಜುಹುವಿನಲ್ಲಿ ಆದಂತೆ ಇಲ್ಲಿಯೂ ವಿಮಾನದ ಪಥವೇ ಮೋಟಾರು ಪಂದ್ಯದ ಪಥವಾಯಿತು. 1953ರಲ್ಲಿ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಸ್ಥಾಪಿತವಾಯಿತು. ಅಂದಿನಿಂದ 1980ರ ದಶಕದ ಕೊನೆಯವರೆಗೂ ಶೋಲಾವರಂ ದಕ್ಷಿಣ ಭಾರತದ ಮೋಟಾರು ಪಂದ್ಯಕ್ಕೆ ಪರ್ಯಾಯ ನಾಮವೇ ಆಗಿತ್ತು. ನೆರಳಿಗೆ ಮರವಿಲ್ಲ, ಕುಳಿತುಕೊಳ್ಳಲು ಶಾಶ್ವತವಾದ ಕಟ್ಟಡವಿಲ್ಲ. ಬಿಸಿಲು, ಧೂಳು, ಎಣ್ಣೆಯ ಹೊಗೆ ಯಥೇಚ್ಛವಾಗಿದ್ದವು. ಆದರೂ ಜನ ಹೋಗುತ್ತಿದ್ದರು. ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು, ಕೆಲವರು ಬೆಂಗಳೂರಿನಿಂದಲೇ ರಾತ್ರಿಯ ರೈಲು ಹಿಡಿದು ಬಂದು ಹೋಗುತ್ತಿದ್ದರು.

ಅವರು ನೋಡಲು ಹೋಗುತ್ತಿದ್ದುದು ಏನನ್ನು? ವೇಗವನ್ನು ಎಂದು ಉತ್ತರ ಹೇಳುವುದು ಸುಲಭ. ಆದರೆ ಅದು ಅರ್ಧ ಸತ್ಯ. ಆ ಕಾಲದಲ್ಲಿ ವಿದೇಶೀ ಬಂಡಿಗಳ ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧವಿತ್ತು. ದೇಶದಲ್ಲಿ ತಯಾರಾಗುತ್ತಿದ್ದ ಕಾರುಗಳು ಮುಖ್ಯವಾಗಿ ಮೂರು: ಕಲಕತ್ತೆಯ ಬಳಿಯ ಉತ್ತರಪಾರದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಹೊರವಲಯದ ಸ್ಟ್ಯಾಂಡರ್ಡ್ ಹೆರಾಲ್ಡ್. ಮೋಟಾರು ಸೈಕಲ್ಲುಗಳಲ್ಲಿಯೂ ಹಾಗೆಯೇ: ತಿರುವೊಟ್ಟಿಯೂರಿನ ಎನ್‌ಫೀಲ್ಡ್ ಬುಲೆಟ್, ಫರೀದಾಬಾದಿನ ರಾಜದೂತ್, ಮತ್ತು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿಯು 1961ರಿಂದ ತಯಾರಿಸುತ್ತಿದ್ದ, 1973ರ ಬಳಿಕ ಯೆಜ್ದಿ ಎಂಬ ಹೆಸರನ್ನು ತಳೆದ ಜಾವಾ. ಪಂದ್ಯದ ಪಟ್ಟಿಯಲ್ಲಿ ವಿದೇಶೀ ಬಂಡಿಗಳೂ ವಿಶೇಷವಾಗಿ ಕಟ್ಟಿದ ಬಂಡಿಗಳೂ ಇರುತ್ತಿದ್ದವು, ನಿಜ. ಆದರೆ ಸಾಮಾನ್ಯ ಪ್ರೇಕ್ಷಕನ ಹೃದಯವಿದ್ದುದು ತನ್ನ ಬೀದಿಯಲ್ಲಿ ನಿಲ್ಲುವ ಬಂಡಿಯ ಕಡೆಗೆ. ಪುರಸೈವಾಕ್ಕಂನ ಗುಮಾಸ್ತನು ವಾರವೆಲ್ಲ ಕಚೇರಿಗೆ ಓಡಿಸಿದ ಬುಲೆಟ್ಟಿನ ಒಡಹುಟ್ಟು ಭಾನುವಾರ ಪಥದಲ್ಲಿ ಗುಡುಗುತ್ತಿತ್ತು. ಅದರ ಪಕ್ಕದಲ್ಲಿ ಮೈಸೂರಿನ ಜಾವಾ ತನ್ನ ಎರಡು ಕೊಳವೆಗಳಿಂದ ಹೊಗೆಯುಗುಳುತ್ತ ಓಡಿದಾಗ, ಮದರಾಸಿನಲ್ಲಿ ನೆಲೆಸಿದ ಕನ್ನಡಿಗನು ಯಾರ ಪಕ್ಷವೆಂಬುದನ್ನು ಕೇಳಬೇಕಾಗಿರಲಿಲ್ಲ. ಪಂದ್ಯವು ಬಂಡಿಗಳ ನಡುವೆ ನಡೆದಂತೆ ಕಂಡರೂ ವಾಸ್ತವದಲ್ಲಿ ಊರುಗಳ ನಡುವೆ ನಡೆಯುತ್ತಿತ್ತು.

ಈಗ ಅಮೆರಿಕದ ಕಡೆಗೆ ತಿರುಗಬಹುದು. ಅಲ್ಲಿ ‘ಸ್ಟಾಕ್ ಕಾರ್’ ಎಂಬ ಪದಕ್ಕೆ ಅಂಗಡಿಯ ದಾಸ್ತಾನಿನಿಂದ ತೆಗೆದ ಕಾರು ಎಂದೇ ಮೂಲಾರ್ಥ. ಮಾರಾಟಕ್ಕಿಟ್ಟ ಬಂಡಿಯನ್ನು ಮಾರ್ಪಾಟಿಲ್ಲದೆ ಓಡಿಸಬೇಕೆಂಬುದು ಆ ಪಂದ್ಯದ ಧರ್ಮ. ಬಿಲ್ ಫ್ರಾನ್ಸ್ ಎಂಬಾತನ ಮುಂದಾಳುತನದಲ್ಲಿ 1948ರಲ್ಲಿ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ ‘ನ್ಯಾಸ್ಕಾರ್’ ಎಂಬ ಸಂಸ್ಥೆ ಹುಟ್ಟಿತು. 1949ರ ಜೂನಿನಲ್ಲಿ ಷಾರ್ಲಟ್ ನಗರದಲ್ಲಿ ಅದರ ಪ್ರಥಮ ‘ಅಪ್ಪಟ ಸ್ಟಾಕ್’ ಪಂದ್ಯ ನಡೆಯಿತು. ಮೊದಲು ಗುರಿ ಮುಟ್ಟಿದವನು ಗ್ಲೆನ್ ಡನವೇ. ಆದರೆ ಅವನ ಫೋರ್ಡ್ ಕಾರಿನ ಹಿಂದಿನ ಸ್ಪ್ರಿಂಗುಗಳನ್ನು ಮಾರ್ಪಡಿಸಲಾಗಿದೆಯೆಂದು ಪರೀಕ್ಷೆಯಲ್ಲಿ ತಿಳಿದುಬಂದುದರಿಂದ ಗೆಲುವು ಲಿಂಕನ್ ಕಾರನ್ನು ಓಡಿಸಿದ ಜಿಮ್ ರೋಪರನಿಗೆ ಹೋಯಿತು. ಕಳ್ಳಭಟ್ಟಿ ಸಾಗಿಸುವವರು ಭಾರ ಹೊರಲೆಂದು ಸ್ಪ್ರಿಂಗನ್ನು ಬಲಪಡಿಸಿಕೊಳ್ಳುತ್ತಿದ್ದ ಕಾಲವದು. ಅಂಗಡಿಯ ಕಾರು ಅಂಗಡಿಯ ಕಾರಾಗಿಯೇ ಇರಬೇಕೆಂಬ ನಿಷ್ಠೆ ಆರಂಭದಲ್ಲಿ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ಆ ನಿಷ್ಠೆ ಕ್ರಮೇಣ ಸಡಿಲಿತು. ವೇಗ ಹೆಚ್ಚಿದಂತೆ ಚಾಲಕನ ರಕ್ಷಣೆಗಾಗಿ ಉಕ್ಕಿನ ಕೊಳವೆಗಳ ಪಂಜರ ಬಂತು. ಪಂಜರದ ಮೇಲೆ ತಗಡಿನ ಹೊದಿಕೆ ಬಂತು. ಕಡೆಗೆ ಕಾರಿನ ಮುಂದಿನ ದೀಪಗಳು ಸಹ ದೀಪಗಳಾಗಿರದೆ ಅಂಟಿಸಿದ ಚಿತ್ರಗಳಾದವು. 2007ರಲ್ಲಿ ಬಂದ ಹೊಸ ಮಾದರಿಯಲ್ಲಿ ಎಲ್ಲ ಕಂಪನಿಗಳ ಕಾರುಗಳ ಮೈಯೂ ಒಂದೇ ಅಳತೆಗೆ ಒಳಪಟ್ಟಿತು. ಷೆವ್ರೊಲೆಟ್ ಯಾವುದು, ಫೋರ್ಡ್ ಯಾವುದು ಎಂದು ಹೆಸರನ್ನು ಓದಿ ತಿಳಿಯಬೇಕಾಯಿತು. ಇದರಿಂದ ಪ್ರೇಕ್ಷಕರು ಬೇಸರಗೊಂಡರೆಂಬುದನ್ನು ಸಂಸ್ಥೆಯೇ ಅರಿತುಕೊಂಡಂತೆ ತೋರುತ್ತದೆ. ಏಕೆಂದರೆ 2013ರಲ್ಲಿ ಅಂಗಡಿಯ ಕಾರನ್ನು ಹೋಲುವ ಮೈಯನ್ನು ಅದು ಮತ್ತೆ ತಂದಿತು.

ನಿಯಮಗಳ ಬದಲಾವಣೆ ಎರಡನೆಯ ಕಾರಣ. 2003ರವರೆಗೆ ಅಲ್ಲಿನ ಪ್ರಶಸ್ತಿ ವರ್ಷವಿಡೀ ಕೂಡಿಬಂದ ಅಂಕಗಳ ಮೊತ್ತದಿಂದ ನಿರ್ಣಯವಾಗುತ್ತಿತ್ತು. ಆ ವರ್ಷ ಮ್ಯಾಟ್ ಕೆನ್ಸೆತ್ ಒಂದೇ ಒಂದು ಪಂದ್ಯವನ್ನು ಗೆದ್ದು, ಉಳಿದವುಗಳಲ್ಲಿ ಸ್ಥಿರವಾಗಿ ಓಡಿ, ಪ್ರಶಸ್ತಿಯನ್ನು ಪಡೆದನು. ಇದು ಸಪ್ಪೆಯೆಂದು ಬಗೆದು, 2004ರಿಂದ ಕೊನೆಯ ಹತ್ತು ಪಂದ್ಯಗಳನ್ನು ಪ್ರತ್ಯೇಕಿಸಿ, ಮುಂದಿನ ಸಾಲಿನ ಚಾಲಕರ ಅಂಕಗಳನ್ನು ಹೆಚ್ಚುಕಡಮೆ ಸಮಗೊಳಿಸುವ ಕ್ರಮ ಬಂತು. 2014ರಲ್ಲಿ ಹಂತಹಂತವಾಗಿ ಚಾಲಕರನ್ನು ಕಳಚಿಹಾಕುವ ಪದ್ಧತಿ. 2017ರಲ್ಲಿ ಒಂದೇ ಪಂದ್ಯವನ್ನು ಭಾಗಗಳಾಗಿ ಒಡೆಯುವ ಪದ್ಧತಿ. ವರ್ಷವೆಲ್ಲ ಪೈಸೆಗೆ ಪೈಸೆ ಸೇರಿಸಿ ಖಾತೆಯಲ್ಲಿಟ್ಟವನ ಮುಂದೆ ವರ್ಷಾಂತ್ಯದಲ್ಲಿ ಲೆಕ್ಕವನ್ನು ಅಳಿಸಿ, ‘ಈಗ ಎಲ್ಲರೂ ಸಮಾನರು, ಮತ್ತೆ ಪ್ರಾರಂಭಿಸಿ’ ಎಂದರೆ ಅವನಿಗೆ ಆ ಸಂಸ್ಥೆಯ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಪ್ರೇಕ್ಷಕನದೂ ಒಂದು ಬಗೆಯ ಠೇವಣಿಯೇ. ಅವನು ಇಡುವುದು ಹಣವಲ್ಲ, ಗಮನ. ಫೆಬ್ರವರಿಯಲ್ಲಿ ನೋಡಿದುದಕ್ಕೆ ನವೆಂಬರಿನಲ್ಲಿ ಬೆಲೆಯಿಲ್ಲವೆಂದಾದರೆ ಫೆಬ್ರವರಿಯಲ್ಲಿ ಅವನು ನೋಡುವುದೇತಕ್ಕೆ?

ಮೂರನೆಯದು ಸ್ಥಳದ ಪ್ರಶ್ನೆ. ನ್ಯಾಸ್ಕಾರ್ ದೇಶವ್ಯಾಪಿಯಾಗಬೇಕೆಂಬ ಹಂಬಲದಿಂದ ತನ್ನನ್ನು ಬೆಳೆಸಿದ ದಕ್ಷಿಣದ ಸಣ್ಣ ಊರುಗಳನ್ನು ಒಂದೊಂದಾಗಿ ಬಿಟ್ಟಿತು. ಉತ್ತರ ಕೆರೊಲಿನದ ನಾರ್ತ್ ವಿಲ್ಕ್ಸ್‌ಬರೋ ಪಥ 1996ರ ಬಳಿಕ ಬರಿದಾಯಿತು. ರಾಕಿಂಗ್‌ಹ್ಯಾಮ್ 2004ರಲ್ಲಿ ಪಟ್ಟಿಯಿಂದ ಬಿದ್ದುಹೋಯಿತು. ಹೊಸ ಊರುಗಳಲ್ಲಿ ಕಟ್ಟಿದ ದೊಡ್ಡ ಪಥಗಳಿಗೆ ಹೊಸತನ ಇರುವಷ್ಟು ದಿನ ಜನ ಬಂದರು. ತಂದೆಯಿಂದ ಮಗನಿಗೆ ಇಳಿದುಬಂದ ಅಭಿಮಾನ ಅಲ್ಲಿರಲಿಲ್ಲ. ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. ಟೆನ್ನೆಸಿಯ ಬ್ರಿಸ್ಟಲ್ ಪಥದಲ್ಲಿ 1982ರಿಂದ ಸತತವಾಗಿ 55 ಪಂದ್ಯಗಳಿಗೆ ಒಂದು ಟಿಕೆಟ್ಟೂ ಉಳಿಯದಂತೆ ಮಾರಾಟವಾಗಿದ್ದ ಸರಪಣಿ 2010ರ ಮಾರ್ಚಿಯಲ್ಲಿ ತುಂಡಾಯಿತು. ಡೇಟೋನಾ ಪಥವು 2016ರಲ್ಲಿ ಮುಗಿದ ನವೀಕರಣದಲ್ಲಿ ತನ್ನ ಆಸನಗಳನ್ನು ಸುಮಾರು 1,47,000ದಿಂದ 1,01,500ಕ್ಕೆ ಇಳಿಸಿಕೊಂಡಿತು. ಅಲ್ಲಿನ ಪ್ರಧಾನ ಪಂದ್ಯವನ್ನು 2006ರಲ್ಲಿ ದೂರದರ್ಶನದ ಮೂಲಕ ಸುಮಾರು 1.9 ಕೋಟಿ ಜನ ನೋಡಿದ್ದರೆ, 2025ರಲ್ಲಿ ಆ ಸಂಖ್ಯೆ 70 ಲಕ್ಷವನ್ನೂ ಮುಟ್ಟಲಿಲ್ಲ. 2023ರಲ್ಲಿ ಸಂಸ್ಥೆಯು ನಾರ್ತ್ ವಿಲ್ಕ್ಸ್‌ಬರೋ ಪಥಕ್ಕೆ ಮರಳಿ ಹೋಯಿತು. ಬಿಟ್ಟುಹೋದ ಮನೆಯ ಬಾಗಿಲನ್ನು ಮತ್ತೆ ತಟ್ಟಿದುದು ತಪ್ಪನ್ನು ಒಪ್ಪಿಕೊಂಡ ಹಾಗೆಯೇ.

ಈ ಮೂರು ಕಾರಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಮದರಾಸಿಗೆ ಬರೋಣ. 1990ರಲ್ಲಿ ಕ್ಲಬ್ಬಿನ ಪಂದ್ಯಗಳು ಇರುಂಗಾಟ್ಟುಕೋಟ್ಟೈಯಲ್ಲಿ ಅದೇ ನಿರ್ಮಿಸಿದ ಪಥಕ್ಕೆ ಸ್ಥಳಾಂತರಗೊಂಡವು. ಸುಮಾರು 3.7 ಕಿಲೋಮೀಟರು ಉದ್ದ, 12 ತಿರುವುಗಳು. ಅಂತರರಾಷ್ಟ್ರೀಯ ಮಟ್ಟಕ್ಕೆ ಒಪ್ಪುವ ಕಟ್ಟುಪಾಡು. ಶೋಲಾವರದ ಎರವಲು ನೆಲಕ್ಕಿಂತ ಇದು ಎಲ್ಲ ರೀತಿಯಿಂದಲೂ ಮೇಲು. ಕ್ಲಬ್ಬಿನವರ ಸಾಹಸ ಸ್ತುತ್ಯರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಕಾಲದಲ್ಲಿ ಪಥದ ಹೊರಗೆ ಬೇರೆ ಬದಲಾವಣೆಗಳು ನಡೆದವು. 1983ರ ಕೊನೆಯಲ್ಲಿ ಮಾರುತಿ ಬಂತು. 1991ರ ಆರ್ಥಿಕ ನೀತಿಯ ತರುವಾಯ ಹತ್ತಾರು ಕಂಪನಿಗಳು ಬಂದವು. ಹೆರಾಲ್ಡ್ ಮರೆಯಾಗಿತ್ತು, 1996ರಲ್ಲಿ ಮೈಸೂರಿನ ಕಾರ್ಖಾನೆಯೂ ಮುಚ್ಚಿತು. ಊರಿನ ಹೆಸರನ್ನು ಹೊತ್ತ ಬಂಡಿ ಎಂಬುದೇ ಇಲ್ಲದಂತಾಯಿತು.

ಪಥದ ಒಳಗಿನ ಬದಲಾವಣೆ ಇದಕ್ಕಿಂತ ಸೂಕ್ಷ್ಮವಾದುದು. ಹೊಸ ಪಥದಲ್ಲಿ ಒಂದೇ ಕಂಪನಿಯ ಒಂದೇ ಮಾದರಿಯ ಬಂಡಿಗಳ ಸ್ಪರ್ಧೆಗಳಿಗೆ ಪ್ರಾಶಸ್ತ್ಯ ದೊರೆಯಿತು. 2010ರಲ್ಲಿ ಪೋಲೋ ಕಾರಿನ ಪಂದ್ಯ, 2013ರಲ್ಲಿ ಎಟಿಯೋಸ್ ಕಾರಿನ ಪಂದ್ಯ, ಹೊಸೂರಿನ ಟಿ.ವಿ.ಎಸ್. ಕಂಪನಿಯ ಮೋಟಾರು ಸೈಕಲ್ಲುಗಳ ಪಂದ್ಯ, ಎಂ.ಆರ್.ಎಫ್. ಟೈರು ಕಂಪನಿಯ ಒಂಟಿ ಆಸನದ ಬಂಡಿಗಳ ಪಂದ್ಯ, ಇವೆಲ್ಲ ಆ ಬಗೆಯವು. ಚಾಲಕನ ಕೌಶಲವನ್ನು ಅಳೆಯಲು ಇದಕ್ಕಿಂತ ನ್ಯಾಯವಾದ ಕ್ರಮವಿಲ್ಲ. ಬಂಡಿ ಸಮಾನವಾದಾಗ ಗೆಲ್ಲುವುದು ಕೈ ಮಾತ್ರ. ತರುಣರಿಗೆ ಕಡಮೆ ವೆಚ್ಚದಲ್ಲಿ ಅವಕಾಶವೂ ದೊರೆಯುತ್ತದೆ. ಆದರೆ ಪ್ರೇಕ್ಷಕನಿಗೆ ಪಕ್ಷ ವಹಿಸಲು ಅಲ್ಲೇನಿದೆ? ಎಲ್ಲ ಬಂಡಿಗಳೂ ಒಂದೇ; ಯಾರು ಗೆದ್ದರೂ ಗೆಲ್ಲುವುದು ಒಂದೇ ಕಂಪನಿ. ಹೆಲ್ಮೆಟ್ಟಿನೊಳಗಿನ ಮುಖ ಅವನಿಗೆ ಕಾಣದು, ಹೆಸರು ತಿಳಿಯದು.

ಇಲ್ಲಿ ಹಣದ ಹರಿವನ್ನು ಗಮನಿಸುವುದು ಅವಶ್ಯಕ. ಯಾವ ಕ್ರೀಡೆಗೆ ಬಾಗಿಲ ವಸೂಲಿಯೇ ಆಧಾರವೋ ಆ ಕ್ರೀಡೆ ಪ್ರೇಕ್ಷಕನನ್ನು ಮರೆಯುವಂತಿಲ್ಲ. ಯಾವುದಕ್ಕೆ ಕಂಪನಿಗಳ ಪ್ರಚಾರದ ಹಣ ಆಧಾರವೋ ಅದಕ್ಕೆ ಪ್ರೇಕ್ಷಕನು ಬಂದರೆ ಸಂತೋಷ, ಬಾರದಿದ್ದರೆ ನಷ್ಟವಿಲ್ಲ. ಟೈರು ಮತ್ತು ವಾಹನ ಕಂಪನಿಗಳ ಪೋಷಣೆಯಿಲ್ಲದಿದ್ದರೆ ಭಾರತದಲ್ಲಿ ಮೋಟಾರು ಪಂದ್ಯವೇ ಉಳಿಯುತ್ತಿರಲಿಲ್ಲವೆಂಬುದು ಸತ್ಯ. ಆದರೆ ಆ ಪೋಷಣೆಯೇ ಪಂದ್ಯವನ್ನು ಪ್ರೇಕ್ಷಕನ ಋಣದಿಂದ ಬಿಡಿಸಿತೆಂಬುದೂ ಅಷ್ಟೇ ಸತ್ಯ. ಋಣವಿಲ್ಲದಲ್ಲಿ ಸಂಬಂಧವೂ ಉಳಿಯುವುದಿಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಶೋಲಾವರದ ಜನಸಂದಣಿಗೆ ಅಭಿಮಾನಕ್ಕಿಂತ ಬೇರೆ ಮನರಂಜನೆಯ ಅಭಾವವೇ ಕಾರಣವಾಗಿರಬಾರದೇಕೆ? ಮದರಾಸಿಗೆ ದೂರದರ್ಶನ ಬಂದುದು 1975ರಲ್ಲಿ. ಅದು ಮನೆಮನೆಗೂ ಹರಡಲು ಮತ್ತೆ ಹಲವು ವರ್ಷ ಹಿಡಿಯಿತು. ಇಂದು ಮನೆಯಲ್ಲಿ ಕುಳಿತೇ ಲೋಕದ ಅತ್ಯುತ್ತಮ ಪಂದ್ಯಗಳನ್ನು ನೋಡಬಹುದು. 2005ರಲ್ಲಿ ಕೊಯಮತ್ತೂರಿನ ನಾರಾಯಣ ಕಾರ್ತಿಕೇಯನ್, 2010ರಲ್ಲಿ ಚೆನ್ನೈಯ ಕರುಣ್ ಚಂಧೋಕ್ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಓಡಿದುದನ್ನು ಇಲ್ಲಿಯ ಜನ ನೋಡಿದುದು ಹಾಗೆಯೇ. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಪೂರ್ಣವಾದ ಉತ್ತರವಲ್ಲ. ಇದಕ್ಕೆ ನಿದರ್ಶನ ಕನ್ನಡ ನಾಡಿನಲ್ಲಿಯೇ ಇದೆ.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೀಮೆಗಳ ಕಂಬಳವನ್ನು ನೋಡಬಹುದು. ಕೆಸರುಗದ್ದೆಯಲ್ಲಿ ಕೋಣಗಳ ಓಟವೂ ವೇಗದ ಸ್ಪರ್ಧೆಯೇ. ದೂರದರ್ಶನ ಅದನ್ನು ಕೊಲ್ಲಲಿಲ್ಲ. 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ ಅದು ನಿಲ್ಲುವ ಸ್ಥಿತಿಗೆ ಬಂದಾಗ ಜನ ಬೀದಿಗಿಳಿದರು. 2017ರಲ್ಲಿ ರಾಜ್ಯವು ಕಾನೂನನ್ನು ತಿದ್ದಿತು. 2023ರ ಮೇ ತಿಂಗಳಲ್ಲಿ ಸಂವಿಧಾನಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಕರಾವಳಿಯಿಂದ ವಲಸೆ ಬಂದವರು ಕಿಕ್ಕಿರಿದು ನೆರೆದರು. ಕಾರಣ ಸ್ಪಷ್ಟ. ಕಂಬಳದಲ್ಲಿ ಕೋಣ ಓಡುವುದು ಒಂದು ಮನೆತನದ ಹೆಸರಿನಲ್ಲಿ, ಒಂದು ಊರಿನ ಹೆಸರಿನಲ್ಲಿ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳ ಅರ್ಥ ಅಲ್ಲಿಯ ಮಕ್ಕಳಿಗೂ ಗೊತ್ತು. ಕೋಣವನ್ನು ಸಾಕಿದವರಾರು, ಓಡಿಸಿದವರಾರು, ಕಳೆದ ವರ್ಷ ಸೋತದ್ದು ಎಲ್ಲಿ, ಎಲ್ಲವೂ ನೋಡುವವನಿಗೆ ತಿಳಿದಿರುತ್ತದೆ. ಅವನು ಓಟವನ್ನಷ್ಟೇ ನೋಡುವುದಿಲ್ಲ; ತಾನು ಬಲ್ಲ ಕತೆಯ ಮುಂದಿನ ಅಧ್ಯಾಯವನ್ನು ನೋಡುತ್ತಾನೆ.

ಕತೆಯಿಲ್ಲದ ಕುತೂಹಲ ಎಷ್ಟು ಬೇಗ ಆರುತ್ತದೆಂಬುದಕ್ಕೆ ಗ್ರೇಟರ್ ನೊಯಿಡಾದ ಬುದ್ಧ ಪಥ ಉದಾಹರಣೆ. 2011ರಲ್ಲಿ ಅಲ್ಲಿ ನಡೆದ ಪ್ರಥಮ ಫಾರ್ಮುಲಾ ಒನ್ ಪಂದ್ಯಕ್ಕೆ ಸುಮಾರು 95,000 ಜನ ಬಂದರು. ಮರುವರ್ಷ ಅದು ಸುಮಾರು 65,000ಕ್ಕೆ ಇಳಿಯಿತು. 2013ರ ಪಂದ್ಯವೇ ಕೊನೆಯದಾಯಿತು. ಇದು ಕ್ರೀಡೆಯೋ ಮನರಂಜನೆಯೋ ಎಂಬ ತೆರಿಗೆಯ ವಿವಾದ ಅದಕ್ಕೆ ಮುಖ್ಯ ಕಾರಣವೆಂಬುದು ನಿಜ. ಆದರೂ ಮೂರು ವರ್ಷವೂ ಸೆಬಾಸ್ಟಿಯನ್ ವೆಟ್ಟೆಲನೇ ಗೆದ್ದ ಆ ಪಂದ್ಯವು ನಿಂತಾಗ ಕಂಬಳಕ್ಕೆ ಎದ್ದಂತಹ ಕೂಗು ಎಲ್ಲಿಯೂ ಏಳಲಿಲ್ಲ.

ಚೆನ್ನೈಯಲ್ಲಿಯೂ ಒಂದು ಪ್ರಯೋಗ ನಡೆಯಿತು. 2023ರ ಡಿಸೆಂಬರಿನಲ್ಲಿ ನಿಗದಿಯಾಗಿ ಚಂಡಮಾರುತದ ದೆಸೆಯಿಂದ ಮುಂದಕ್ಕೆ ಹೋಗಿದ್ದ ಬೀದಿ ಪಂದ್ಯವು 2024ರ ಆಗಸ್ಟ್ 31, ಸೆಪ್ಟೆಂಬರ್ 1ರಂದು ಐಲೆಂಡ್ ಮೈದಾನದ ಸುತ್ತಿನ ಸುಮಾರು 3.5 ಕಿಲೋಮೀಟರು ರಸ್ತೆಯಲ್ಲಿ ರಾತ್ರಿಯ ದೀಪಗಳ ಬೆಳಕಿನಲ್ಲಿ ನಡೆಯಿತು. ಪುರಸೈವಾಕ್ಕಂನಿಂದ ಅಲ್ಲಿಗೆ ಇರುವುದು ನಾಲ್ಕಾರು ಮೈಲಿ ಮಾತ್ರ. ದಿನವೂ ಬಸ್ಸಿನಲ್ಲಿ ಹಾಯುವ ನೇಪಿಯರ್ ಸೇತುವೆಯ ಪರಿಸರದಲ್ಲಿ ಪಂದ್ಯದ ಬಂಡಿಗಳು ಓಡಿದುದನ್ನು ಜನ ಕುತೂಹಲದಿಂದ ನೋಡಿದರು. ಪಂದ್ಯವು ಪ್ರೇಕ್ಷಕನ ಬಳಿಗೆ ತಾನೇ ಬಂದುದು ಸರಿಯಾದ ಹೆಜ್ಜೆ. ಅಲ್ಲಿ ಓಡಿದ ತಂಡಗಳಿಗೆ ಬೆಂಗಳೂರು, ಚೆನ್ನೈ, ಹೈದರಾಬಾದು, ಕಲಕತ್ತೆ ಎಂದು ಊರುಗಳ ಹೆಸರುಗಳನ್ನೂ ಇಡಲಾಗಿತ್ತು. ಊರುಗಳ ಪಂದ್ಯವನ್ನು ಮರಳಿ ತರಬೇಕೆಂಬ ಬಯಕೆ ಇದರಲ್ಲಿ ವ್ಯಕ್ತವಾಗುತ್ತದೆ. ಆದರೆ ಲೀಗಿನ ಬಂಡಿಗಳೆಲ್ಲವೂ ಒಂದೇ ವಿದೇಶೀ ಮಾದರಿಯವು. ಚಾಲಕನಿಗೂ ತಂಡದ ಊರಿಗೂ ಸಂಬಂಧವಿರಲೇಬೇಕೆಂದಿಲ್ಲ. ಮೈಸೂರಿನ ಜಾವಾದ ಮೇಲೆ ಯಾರೂ ಮೈಸೂರಿನ ಹೆಸರನ್ನು ಅಂಟಿಸಬೇಕಾಗಿರಲಿಲ್ಲ. ಅದು ಅಲ್ಲಿಯೇ ಹುಟ್ಟಿದ್ದಿತು. ಹೆಸರು ಅಂಟಿಸಿದರೆ ಬರುವಂತಹುದಲ್ಲ ಅಭಿಮಾನ.

ಕನ್ನಡಿಗರಲ್ಲಿ ಚಾಲಕರಿಗೆ ಕೊರತೆಯಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 2015ರಲ್ಲಿ ಡಕಾರ್ ಯಾತ್ರೆಯನ್ನು ಪೂರೈಸಿದ ಸಿ.ಎಸ್. ಸಂತೋಷ್, 2019ರಲ್ಲಿ ಮೋಟಾರು ಸೈಕಲ್ಲಿನ ಬಾಹಾ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿಯನ್ನು ಪಡೆದ ಐಶ್ವರ್ಯ ಪಿಸ್ಸೆ, ಯೂರೋಪಿನ ಪಂದ್ಯಗಳಲ್ಲಿ ಓಡಿದ ಅರ್ಜುನ್ ಮೈನಿ, ಮೂವರೂ ಬೆಂಗಳೂರಿನವರು. ಅವರ ಹೆಸರುಗಳನ್ನು ಬಲ್ಲ ಕನ್ನಡ ಮನೆಗಳು ಎಷ್ಟು? ಇರುಂಗಾಟ್ಟುಕೋಟ್ಟೈಗೆ ಅಭ್ಯಾಸಕ್ಕಾಗಿ, ಪಂದ್ಯಕ್ಕಾಗಿ ಬರುವ ಸವಾರರಲ್ಲಿ ಬೆಂಗಳೂರಿನ ಮಕ್ಕಳು ಇಂದಿಗೂ ಇದ್ದಾರೆ. 2023ರ ಜನವರಿಯಲ್ಲಿ ಚೆನ್ನೈಯ ಹಿರಿಯ ಚಾಲಕ ಕೆ.ಇ. ಕುಮಾರ್ 59ನೆಯ ವಯಸ್ಸಿನಲ್ಲಿ ಆ ಪಥದ ಪಂದ್ಯದಲ್ಲಿ ಪ್ರಾಣವನ್ನು ಕಳೆದುಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬನು ಅಲ್ಲಿಯೇ ಮೋಟಾರು ಸೈಕಲ್ ಪಂದ್ಯದಲ್ಲಿ ಬಿದ್ದು ಮೃತನಾದನು. ಅವನು ಅದುವರೆಗೆ ಪಡೆದಿದ್ದ ಗೆಲುವುಗಳನ್ನು ಬಲ್ಲವರು ಕೆಲವರು. ಬಹುಮಂದಿ ಅವನ ಹೆಸರನ್ನು ಮೊದಲ ಬಾರಿಗೆ ಕೇಳಿದುದು ಮರಣವಾರ್ತೆಯಲ್ಲಿ.

ಪ್ರೇಕ್ಷಕನ ನಿರಾಸಕ್ತಿ ಕೇವಲ ಟಿಕೆಟ್ಟಿನ ಪ್ರಶ್ನೆಯಲ್ಲವೆಂಬುದು ಇಲ್ಲಿ ತಿಳಿದುಬರುತ್ತದೆ. ಅಪಘಾತವನ್ನು ನೋಡಲೆಂದೇ ಜನ ಪಂದ್ಯಕ್ಕೆ ಬರುತ್ತಾರೆಂದು ಹೇಳುವವರುಂಟು. 2001ರ ಫೆಬ್ರವರಿಯಲ್ಲಿ ಡೇಲ್ ಅರ್ನ್‌ಹಾರ್ಟ್ ಡೇಟೋನಾದ ಕೊನೆಯ ಸುತ್ತಿನಲ್ಲಿ ಮಡಿದಾಗ ಅಮೆರಿಕದ ಜನಸಾಮಾನ್ಯರು ಮನೆಯವನನ್ನು ಕಳೆದುಕೊಂಡಂತೆ ಅತ್ತರು. ಆ ಬಳಿಕ ಪಥದ ಗೋಡೆ, ಆಸನ, ಕುತ್ತಿಗೆಯ ರಕ್ಷಣೆ ಎಲ್ಲವೂ ಬದಲಾದವು. ಅಲ್ಲಿಂದೀಚೆಗೆ ನ್ಯಾಸ್ಕಾರಿನ ಪ್ರಧಾನ ಶ್ರೇಣಿಯ ಪಂದ್ಯದಲ್ಲಿ ಚಾಲಕರಾರೂ ಸತ್ತಿಲ್ಲ. ಆ ಸುಧಾರಣೆಯ ಹಿಂದೆ ಇಂಜಿನಿಯರರ ಜ್ಞಾನದೊಂದಿಗೆ ಲಕ್ಷಾಂತರ ಪ್ರೇಕ್ಷಕರ ದುಃಖದ ಒತ್ತಡವೂ ಇದ್ದಿತು. ನೋಡುವವನು ಕಾಯುವವನೂ ಹೌದು. ಬಾಲಸವಾರರಿಗೆ ಯಾವ ವಯಸ್ಸು ತಕ್ಕದ್ದು, ಎಂತಹ ಬಂಡಿ ತಕ್ಕದ್ದು ಎಂದು ಕೇಳುವವರು ಪಥದ ಅಂಚಿನಲ್ಲಿ ಹೆಚ್ಚು ಮಂದಿ ಇದ್ದಷ್ಟೂ ಆ ಪಥ ಮಕ್ಕಳಿಗೆ ಕ್ಷೇಮಕರ.

ಶೋಲಾವರವನ್ನು ಮರಳಿ ತರಲಾಗದು. ತರಬೇಕಾದ ಅಗತ್ಯವೂ ಇಲ್ಲ. ಬೇಕಾಗಿರುವುದು ಪ್ರೇಕ್ಷಕನಿಗೂ ಪಥಕ್ಕೂ ನಡುವೆ ಕಡಿದುಹೋದ ಪರಿಚಯ. ಬೀದಿಯಲ್ಲಿ ಕಾಣುವ ಬಂಡಿಗಳು ಕಂಪನಿಗೆ ಎದುರಾಗಿ ಕಂಪನಿ ಎಂಬಂತೆ ಓಡುವ ಪಂದ್ಯ, ವರ್ಷದಿಂದ ವರ್ಷಕ್ಕೆ ಬದಲಾಗದ ನಿಯಮ, ಚಾಲಕನ ಊರನ್ನೂ ಗುರುವನ್ನೂ ತಿಳಿಸುವ ವಾರ್ತೆ: ಇವುಗಳಿಗೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಚೆನ್ನೈಯ ಕನ್ನಡಿಗರ ಪಾಲಿಗೂ ಒಂದು ಸಣ್ಣ ಕೆಲಸವಿದೆ. ಬೆಂಗಳೂರಿನಿಂದ ಬಂದ ಹುಡುಗನೊಬ್ಬನು ಇರುಂಗಾಟ್ಟುಕೋಟ್ಟೈಯಲ್ಲಿ ಭಾನುವಾರ ಓಡುವಾಗ, ಊರಿಗೆ ಹೋಗುವ ದಾರಿಯಲ್ಲಿರುವ ಆ ಪಥಕ್ಕೆ ಒಮ್ಮೆ ಇಳಿದು, ಅವನ ಹೆಸರನ್ನು ಕೇಳಿ ತಿಳಿದುಕೊಂಡು ಬರುವುದು.